ಹೊಟ್ಟೆಯ ಮೇಲಿನ ಸಣ್ಣ ಬಿಲ್ಲೆ: ಅಪ್ಪಯ್ಯನ ಪೆಗ್ ಟ್ಯೂಬ್ ಜೊತೆ ಎರಡು ತಿಂಗಳು

ಹೋದ ವಾರ ಅಪ್ಪಯ್ಯನ ಹೊಟ್ಟೆಯಲ್ಲಿದ್ದ ಹಳೆಯ ಪೆಗ್ ಟ್ಯೂಬ್ (ನುಂಗಲಾಗದವರಿಗೆ ನೇರ ಹೊಟ್ಟೆಗೇ ಊಟ ಕೊಡುವ ಪೈಪು) ತೆಗೆಸಿ, ಹೊಸದು ಹಾಕಿಸಿಕೊಂಡು ಮನೆಗೆ ಬಂದೆವು. ಅವರು ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಬಿಡುವು ಸಿಕ್ಕಿದೆ, ಎಲ್ಲ ನೆನಪೂ ಹಸಿಯಾಗಿದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನಾವು ಹುಡುಕುವಾಗ ಈ ವಿಷಯ ಕನ್ನಡದಲ್ಲಿ ಸರಿಯಾಗಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೆ ಫೆಬ್ರವರಿ ತಿಂಗಳ ಆ ಸಂಕಟ ನಮಗೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಅಪ್ಪಯ್ಯನಿಗೆ ಲಕ್ವ ಹೊಡೆದದ್ದು ನವೆಂಬರ್ ಮೊದಲ ವಾರ. ಅಡಕೆ ಗೊನೆ ಕೊಯ್ಲು ಶುರುವಾಗಿ ಮೂರನೇ ದಿನ. ಅಡಕೆ ಸುಲಿಯುವವರ ಹತ್ತಿರ ಮಾತಾಡಿ ಬರುತ್ತೇನೆ ಎಂದು ಅಂಗಳಕ್ಕೆ ಇಳಿದವರು ಚಪ್ಪರದ ಕಂಬ ಹಿಡಿದು ಹಾಗೇ ಕುಸಿದರು. ಹನ್ನೆರಡು ದಿನ ಆಸ್ಪತ್ರೆ. ಜೀವ ಉಳಿಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ತೊದಲಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ನುಂಗುವುದು. ಒಂದು ಚಮಚ ನೀರು ಕೊಟ್ಟರೂ ನೆತ್ತಿಗೆ ಹತ್ತುತ್ತಿತ್ತು. ಹೀಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ ಎಂದು ಡಾಕ್ಟರು ಬಾಯಿಂದ ಕೊಡುವುದನ್ನು ಪೂರ್ತಿ ನಿಲ್ಲಿಸಿದರು. ಮೂಗಿನಿಂದ ಹೊಟ್ಟೆಗೆ ಒಂದು ಪೈಪು ಇಳಿಸಿದರು. ಅದನ್ನು ರೈಲ್ಸ್ ಟ್ಯೂಬ್ ಅನ್ನುತ್ತಾರೆ.

ರೈಲ್ಸ್ ಟ್ಯೂಬ್ ಜೊತೆಗೇ ಮನೆಗೆ ಬಂದೆವು. ಅಪ್ಪಯ್ಯನ ಎಡಗೈ ಸರಿ ಇತ್ತು. ರಾತ್ರಿ ನಿದ್ದೆಗಣ್ಣಲ್ಲಿ ಆ ಕೈ ಮೂಗಿಗೆ ಹೋಗುತ್ತಿತ್ತು. ಐದು ವಾರದಲ್ಲಿ ಐದು ಸಲ ಪೈಪು ಕಿತ್ತು ಬಂತು. ಪ್ರತಿ ಸಲವೂ ಕಾರು ಮಾಡಿಕೊಂಡು ಪೇಟೆಗೆ ಹೋಗುವುದು, ಮತ್ತೆ ಮೂಗಿಗೆ ಪೈಪು ತುರುಕಿಸುವುದು, ಸರಿಯಾದ ಜಾಗಕ್ಕೆ ಹೋಗಿದೆಯೇ ಎಂದು ಎಕ್ಸ್‌ರೇ ತೆಗೆಸುವುದು. ಮೂಗಿನ ಹೊಳ್ಳೆ ಹುಣ್ಣಾಯಿತು. ಕೊನೆಗೆ ಒಂದು ರಾತ್ರಿ ಅಮ್ಮ ಹಳೆಯ ಪಂಚೆ ಹರಿದು ಅಪ್ಪಯ್ಯನ ಎಡಗೈಗೆ ಸುತ್ತಿ ಮಂಚಕ್ಕೆ ಕಟ್ಟಿದರು. ಅಪ್ಪಯ್ಯ ಏನೂ ಹೇಳಲಿಲ್ಲ, ಸುಮ್ನೆ ಗೋಡೆ ಕಡೆ ಮುಖ ಮಾಡಿದರು. ಆ ರಾತ್ರಿ ನಾನೂ ಅಮ್ಮನೂ ಮಲಗಲಿಲ್ಲ.

ಮರುದಿನವೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು. ಮೂಗಿನ ಪೈಪು ನಾಲ್ಕರಿಂದ ಆರು ವಾರದವರೆಗೆ ಸರಿ. ಅದಕ್ಕಿಂತ ಜಾಸ್ತಿ ದಿನ ಬೇಕಾಗುತ್ತದೆ ಅಂದರೆ ಹೊಟ್ಟೆಯ ಗೋಡೆಯ ಮೂಲಕ ನೇರವಾಗಿ ಜಠರಕ್ಕೆ ಟ್ಯೂಬ್ ಹಾಕುವುದು ಒಳ್ಳೆಯದು. ಅದಕ್ಕೆ ಪೆಗ್ ಅನ್ನುತ್ತಾರೆ. ದೊಡ್ಡ ಆಪರೇಷನ್ ಅಲ್ಲ, ಎಂಡೋಸ್ಕೋಪಿಯಲ್ಲೇ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಪೈಪು ಇಳಿಸಿ ಮಾಡುತ್ತಾರೆ. ನುಂಗುವ ಶಕ್ತಿ ಮರಳಿದರೆ ತೆಗೆಯಬಹುದು.

ಅಮ್ಮ ಒಪ್ಪಲಿಲ್ಲ. "ಬಾಯಿ ಇರುವವರಿಗೆ ಹೊಟ್ಟೆಗೆ ತೂತು ಮಾಡಿಸಿ ಉಣ್ಣಿಸೋದಾ ಮಗಾ? ಇನ್ನು ಅವರು ಬಾಯಲ್ಲಿ ಉಣ್ಣೋದೇ ಇಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?" ಎಂದು ಅತ್ತರು. ನನಗೂ ಒಳಗೆ ಅದೇ ಹೆದರಿಕೆ ಇತ್ತು. ಅದಕ್ಕೇ ಡಾಕ್ಟರನ್ನು ನೇರವಾಗಿ ಕೇಳಿದೆ. ಪೆಗ್ ಹಾಕಿದರೂ ನುಂಗುವ ಅಭ್ಯಾಸ ಮುಂದುವರಿಸಬಹುದು, ಮೂಗು ಗಂಟಲಲ್ಲಿ ಪೈಪಿಲ್ಲದಿದ್ದರೆ ಅಭ್ಯಾಸ ಇನ್ನೂ ಸಲೀಸು ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದರು: ಪೆಗ್ ಹಾಕಿದ ಮಾತ್ರಕ್ಕೆ ನ್ಯುಮೋನಿಯಾ ಬರುವುದೇ ಇಲ್ಲ ಎಂದಲ್ಲ. ಎಂಜಲು ಶ್ವಾಸಕೋಶಕ್ಕೆ ಇಳಿಯಬಹುದು, ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬರಬಹುದು. ಹಾಗಾಗಿ ಬಾಯಿ ಸ್ವಚ್ಛವಾಗಿಡುವುದು, ತಲೆ ಎತ್ತರಿಸಿ ಮಲಗಿಸುವುದು ತಪ್ಪುವುದಿಲ್ಲ. ಅಮ್ಮನನ್ನೂ ಕರೆದುಕೊಂಡು ಹೋಗಿ ಇದೇ ಮಾತನ್ನು ಅವರ ಎದುರಿಗೇ ಇನ್ನೊಮ್ಮೆ ಹೇಳಿಸಿದೆ. ಆಮೇಲೆ ಅಮ್ಮ "ಆ ಕೈ ಕಟ್ಟೋದು ತಪ್ಪುತ್ತೆ ಅಂದ್ರೆ ಮಾಡ್ಸಿ" ಎಂದರು.

ಒಪ್ಪಿಕೊಂಡ ಮೇಲೆ ನಾಳೆಯೇ ಆಗುತ್ತದೆ ಅಂದುಕೊಂಡಿದ್ದೆ. ಆದದ್ದು ಹನ್ನೊಂದು ದಿನದ ಮೇಲೆ.

ಮೊದಲ ತಡೆ ರಕ್ತ ತೆಳುವಾಗಿಸುವ ಮಾತ್ರೆ. ಲಕ್ವ ಆದವರಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಕೊಡುತ್ತಾರೆ ಅಲ್ವಾ, ಅಪ್ಪಯ್ಯ ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ಕ್ಲೋಪಿಡೋಗ್ರೆಲ್ ಮುಂದುವರಿಸಿಕೊಂಡು ಹೊಟ್ಟೆ ಚುಚ್ಚಿದರೆ ರಕ್ತ ನಿಲ್ಲುವುದು ಕಷ್ಟ. ನಿಲ್ಲಿಸಿದರೆ ಮತ್ತೆ ಲಕ್ವ ಹೊಡೆಯುವ ಭಯ. ನರರೋಗದ ಡಾಕ್ಟರು ಮತ್ತು ಎಂಡೋಸ್ಕೋಪಿ ಡಾಕ್ಟರು ಮಾತಾಡಿಕೊಂಡು, ಆಸ್ಪಿರಿನ್ ಇರಲಿ, ಕ್ಲೋಪಿಡೋಗ್ರೆಲ್ ಐದು ದಿನ ನಿಲ್ಲಿಸಿ ಎಂದರು. ಇದನ್ನು ದಯವಿಟ್ಟು ನೀವೇ ನಿರ್ಧರಿಸಬೇಡಿ. ಆದರೆ ಮೊದಲ ಭೇಟಿಗೆ ಹೋಗುವಾಗಲೇ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ನಾವು ಹಳೆಯ ಚೀಟಿ ಮನೆಯಲ್ಲೇ ಬಿಟ್ಟು ಹೋಗಿದ್ದೆವು. ಅದರಿಂದಲೇ ಎರಡು ದಿನ ಹೋಯಿತು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಸಕ್ಕರೆ, ಇಸಿಜಿ ಇವೂ ಬೇಕಾದವು.

ಎರಡನೆಯ ತಡೆ ವಿಮೆ. ಅಣ್ಣನ ಕಂಪನಿಯ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರಿತ್ತು. ಕ್ಯಾಶ್‌ಲೆಸ್‌ಗೆ ಅರ್ಜಿ ಹಾಕಿದರೆ ಮರುಪ್ರಶ್ನೆ ಬಂತು: ಮೂಗಿನ ಟ್ಯೂಬ್ ಇರುವಾಗ ಇದು ಯಾಕೆ ಬೇಕು? ಎಷ್ಟು ದಿನದಿಂದ ನುಂಗಲು ಆಗುತ್ತಿಲ್ಲ? ಡಾಕ್ಟರ ಪತ್ರ ಬೇಕು. ನಾವು ಮೂಗಿನ ಪೈಪು ಹಾಕಿದ ಮೊದಲ ದಿನಾಂಕ, ಕಿತ್ತು ಬಂದ ಐದೂ ದಿನಾಂಕ, ನುಂಗುವಿಕೆ ಪರೀಕ್ಷೆ ಮಾಡಿದ ಸ್ಪೀಚ್ ಥೆರಪಿಸ್ಟ್ ವರದಿ, ಎಲ್ಲ ಸೇರಿಸಿ ಕೊಟ್ಟೆವು. ಆಮೇಲೆ ಒಪ್ಪಿಗೆ ಬಂತು. ಈ ಪತ್ರವನ್ನು ಅರ್ಜಿ ಜೊತೆಗೇ ಕೊಟ್ಟಿದ್ದರೆ ಮೂರು ದಿನ ಉಳಿಯುತ್ತಿತ್ತು. ಇನ್ನೊಂದು ವಿಷಯ. ಟ್ಯೂಬ್ ಬರುವ ಕಿಟ್ ಡಬ್ಬದ ಮೇಲೆ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಬಿಲ್ಲಿನ ಜೊತೆ ಅಂಟಿಸಿ ಕೊಡಲು ಹೇಳಿ, ಒಂದು ಫೋಟೋ ನಿಮ್ಮ ಮೊಬೈಲಿನಲ್ಲೂ ಇರಲಿ. ವಿಮೆಗಷ್ಟೇ ಅಲ್ಲ, ಮುಂದೆ ಟ್ಯೂಬ್ ಬದಲಿಸುವಾಗ ಹಾಕಿದ್ದು ಯಾವ ಅಳತೆ, ಯಾವ ಜಾತಿ ಎಂದು ಮೊದಲು ಕೇಳುತ್ತಾರೆ.

ಅಳತೆ ಅಂದೆ ಅಲ್ವಾ, ಈ ಟ್ಯೂಬುಗಳ ದಪ್ಪವನ್ನು ಫ್ರೆಂಚ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಅಪ್ಪಯ್ಯನಿಗೆ ಹಾಕಿದ್ದು 20 ಫ್ರೆಂಚ್, ಅಂದರೆ ಆರೂವರೆ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ.

ಡಿಸೆಂಬರ್ ಕೊನೆಯ ವಾರ ಅಡ್ಮಿಟ್ ಆದೆವು. ಹಿಂದಿನ ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಒಂದು ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ಒಪ್ಪಿಗೆ ಪತ್ರದಲ್ಲಿ ರಕ್ತಸ್ರಾವ, ಸೋಂಕು, ಕರುಳಿಗೆ ಗಾಯ ಎಂದೆಲ್ಲ ಬರೆದಿತ್ತು. ಸಹಿ ಹಾಕುವಾಗ ಅಣ್ಣನ ಕೈ ನಡುಗಿತು. ಹನ್ನೊಂದು ಗಂಟೆಗೆ ಎಂದವರು ಒಳಗೆ ಕರೆದದ್ದು ಎರಡೂವರೆಗೆ. ಒಳಗಿದ್ದದ್ದು ಅರ್ಧ ಗಂಟೆ ಮಾತ್ರ.

ಹೇಗೆ ಹಾಕಿದರು ಎಂದು ಡಾಕ್ಟರು ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮಂಪರು ಬರುವ ಔಷಧಿ ಕೊಟ್ಟು, ಬಾಯಿಂದ ಎಂಡೋಸ್ಕೋಪ್ ಇಳಿಸುತ್ತಾರೆ. ಕೋಣೆಯ ದೀಪ ಆರಿಸಿದರೆ ಅದರ ತುದಿಯ ಬೆಳಕು ಹೊಟ್ಟೆಯ ಚರ್ಮದ ಮೂಲಕ ಹೊರಗೆ ಕಾಣುತ್ತದೆ. ಅಲ್ಲಿ ಬೆರಳಿನಿಂದ ಒತ್ತಿ, ಒಳಗಿನ ಕ್ಯಾಮೆರಾದಲ್ಲಿ ಆ ತಗ್ಗು ಕಂಡರೆ, ನಡುವೆ ಕರುಳು ಅಡ್ಡ ಇಲ್ಲ ಎಂದು ಅರ್ಥ. ಆ ಜಾಗಕ್ಕೆ ಅರಿವಳಿಕೆ ಕೊಟ್ಟು ಸೂಜಿ ಚುಚ್ಚಿ, ಒಂದು ತಂತಿ ಒಳಗೆ ಬಿಡುತ್ತಾರೆ. ಆ ತಂತಿಯನ್ನು ಬಾಯಿಂದ ಹೊರಗೆ ಎಳೆದು, ಅದಕ್ಕೆ ಟ್ಯೂಬ್ ಕಟ್ಟಿ, ಮತ್ತೆ ಹೊಟ್ಟೆ ಕಡೆಯಿಂದ ಎಳೆಯುತ್ತಾರೆ. ಟ್ಯೂಬ್ ಬಾಯಿಂದ ಇಳಿದು ಹೊಟ್ಟೆಯಿಂದ ಹೊರಗೆ ಬರುತ್ತದೆ. ಅದರ ಒಳತುದಿಯಲ್ಲಿ ಅಣಬೆಯ ಟೊಪ್ಪಿಯಂಥ ಒಂದು ತಡೆ ಇರುತ್ತದೆ, ಅದು ಜಠರದ ಗೋಡೆಗೆ ಬಂದು ನಿಲ್ಲುತ್ತದೆ. ಅದನ್ನು ಒಳಗಿನ ಬಂಪರ್ ಅನ್ನುತ್ತಾರೆ. ಹೊರಗೆ ಚರ್ಮದ ಮೇಲೆ ಒಂದು ದುಂಡಗಿನ ಸಿಲಿಕೋನ್ ಬಿಲ್ಲೆ ತೂರಿಸುತ್ತಾರೆ. ಅದು ಹೊರಗಿನ ಬಂಪರ್.

ಹೊಲಿಗೆ ಇಲ್ಲ. ಅಂಟು ಇಲ್ಲ. ಒಳಗಿನ ಟೊಪ್ಪಿ ಟ್ಯೂಬ್ ಹೊರಗೆ ಬರದಂತೆ ತಡೆಯುತ್ತದೆ. ಹೊರಗಿನ ಬಿಲ್ಲೆ ಟ್ಯೂಬ್ ಒಳಗೆ ಜಾರದಂತೆ ತಡೆಯುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಈ ಎರಡರ ನಡುವಿನ ಅಂತರದ ಮೇಲೆ. ಇದು ನನಗೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು.

ಆ ರಾತ್ರಿ ವಾರ್ಡಿನಲ್ಲಿ ನಿದ್ದೆ ಬಾರದೆ ಮೊಬೈಲಿನಲ್ಲಿ ಓದಿದೆ. ಈ ವಿಧಾನವನ್ನು ಮೊದಲು ಮಾಡಿದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಒಂದು ಮಗುವಿಗೆ. ಮೈಕೆಲ್ ಗಾಡರರ್ ಎಂಬ ಮಕ್ಕಳ ಸರ್ಜನ್, ಜೆಫ್ರಿ ಪಾನ್ಸ್ಕಿ ಎಂಬ ಎಂಡೋಸ್ಕೋಪಿ ಡಾಕ್ಟರ್ ಸೇರಿ ಮಾಡಿದ್ದು. ಅದಕ್ಕೆ ಮುಂಚೆ ಹೊಟ್ಟೆ ಕೊಯ್ದೇ ಟ್ಯೂಬ್ ಕೂರಿಸಬೇಕಿತ್ತಂತೆ. ಪಕ್ಕದಲ್ಲಿ ಅಪ್ಪಯ್ಯ ಮೂಗಿನಲ್ಲಿ ಪೈಪಿಲ್ಲದೆ, ಕೈ ಕಟ್ಟಿಸಿಕೊಳ್ಳದೆ ಮಲಗಿದ್ದರು. ಅವರಿಬ್ಬರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಹಾಕಿದ ದಿನ ಬಿಲ್ಲೆ ಚರ್ಮಕ್ಕೆ ಸ್ವಲ್ಪ ಹತ್ತಿರವೇ ಇತ್ತು. ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಸ್ವಲ್ಪ ಸಡಿಲ ಮಾಡಿದರು. ಮೊದಲು 50 ಎಂ.ಎಲ್. ನೀರು, ಆಮೇಲೆ ತೆಳು ಗಂಜಿ. ಮೂರನೇ ದಿನ ಡಿಸ್ಚಾರ್ಜ್. ವಿಮೆಯ ಕೊನೆಯ ಒಪ್ಪಿಗೆ ಬರಲು ಬೆಳಿಗ್ಗೆಯಿಂದ ಸಂಜೆ ಆರರವರೆಗೆ ಕಾದೆವು. ಆ ಹೊತ್ತಿಗೆ ಎಲ್ಲರಿಗೂ ಸುಸ್ತು. ಸಿಸ್ಟರ್ ಐದು ನಿಮಿಷದಲ್ಲಿ ಊಟ ಕೊಡುವುದು ಹೇಗೆ ಎಂದು ತೋರಿಸಿ ಹೋದರು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ, ಊಟ, ಡ್ರೆಸ್ಸಿಂಗ್ ಎಲ್ಲ ಇತ್ತು. ಒಂದೇ ಒಂದು ವಿಷಯ ಇರಲಿಲ್ಲ. ಬಿಲ್ಲೆ ಎಷ್ಟನೇ ಗೆರೆಯಲ್ಲಿರಬೇಕು ಎನ್ನುವುದು.

ಟ್ಯೂಬಿನ ಮೇಲೆ ಸೆಂಟಿಮೀಟರ್ ಗೆರೆ ಮತ್ತು ಅಂಕಿ ಇರುತ್ತವೆ. ಆಸ್ಪತ್ರೆ ಬಿಡುವ ಮುಂಚೆ ಎರಡು ಅಂಕಿ ಕೇಳಿ ಬರೆಸಿಕೊಳ್ಳಿ. ಚರ್ಮದ ಮಟ್ಟದಲ್ಲಿ ಯಾವ ಅಂಕಿ ಇದೆ, ಬಿಲ್ಲೆ ಯಾವ ಅಂಕಿಯಲ್ಲಿದೆ. ಒಂದು ಫೋಟೋ ತೆಗೆದುಕೊಳ್ಳಿ. ಇಷ್ಟು ಮಾಡಿದ್ದರೆ ನಮಗೆ ಸಾಕಿತ್ತು.

ಮನೆಗೆ ಬಂದ ಮೊದಲ ಎರಡು ವಾರ ಚೆನ್ನಾಗಿ ಹೋಯಿತು. ದಿನಕ್ಕೆ ಆರು ಸಲ ಊಟ. ಮೊದಲು 100 ಎಂ.ಎಲ್., ನಿಧಾನಕ್ಕೆ ಹೆಚ್ಚಿಸಿ 250. ರಾಗಿ ಗಂಜಿ, ಬೇಳೆ ಕಟ್ಟು, ಹಾಲು, ಡಯೆಟಿಷಿಯನ್ ಬರೆದುಕೊಟ್ಟ ಪ್ರೋಟೀನ್ ಪುಡಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಕಾಫಿ ಸೋಸುವ ಜರಡಿಯಲ್ಲಿ ಸೋಸುತ್ತಿದ್ದೆವು. ಸೋಸದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಪ್ರತಿ ಊಟದ ಮುಂಚೆ ಮತ್ತು ಆಮೇಲೆ 30 ಎಂ.ಎಲ್. ಉಗುರುಬೆಚ್ಚಗಿನ ನೀರು. ಮಾತ್ರೆ ಕೊಟ್ಟರೂ ಅಷ್ಟೇ, ಒಂದೊಂದನ್ನೇ ಪುಡಿ ಮಾಡಿ ಕೊಟ್ಟು ಮಧ್ಯೆ ನೀರು. ಎಲ್ಲ ಮಾತ್ರೆ ಪುಡಿ ಮಾಡುವಂತಿಲ್ಲ, ನಿಧಾನವಾಗಿ ಕರಗುವ ಜಾತಿಯವನ್ನು ಪುಡಿ ಮಾಡಿದರೆ ಒಂದೇ ಸಲ ಮೈಗೆ ಹತ್ತಿಬಿಡುತ್ತವೆ. ಅಪ್ಪಯ್ಯನ ಬಿ.ಪಿ. ಮಾತ್ರೆ ಹಾಗಿತ್ತು, ಬದಲಿಸಿಕೊಟ್ಟರು. ಊಟ ಕೊಡುವಾಗ, ಆಮೇಲೆ ಒಂದು ಗಂಟೆ ತಲೆ ಎತ್ತರದಲ್ಲಿರಬೇಕು. ಬಾಡಿಗೆ ಮಂಚ ಸಿಗುವವರೆಗೆ ಮೂರು ದಿಂಬು, ಒಂದು ಮಡಚಿದ ಕಂಬಳಿಯಿಂದ ಸುಧಾರಿಸಿದೆವು.

ಸಿರಿಂಜ್ ಕೊಳ್ಳುವಾಗ ಒಂದು ಎಚ್ಚರ. 50 ಎಂ.ಎಲ್. ಸಿರಿಂಜ್ ಎಂದರೆ ಅಂಗಡಿಯವರು ಸೂಜಿ ಹಾಕುವ ಸಣ್ಣ ಮೂತಿಯದ್ದು ಕೊಡುತ್ತಾರೆ. ಅದು ಟ್ಯೂಬಿಗೆ ಕೂರುವುದಿಲ್ಲ, ಕೂರಿಸಿದರೆ ಅರ್ಧ ಗಂಜಿ ಹಾಸಿಗೆಗೆ. ಉದ್ದ ಮೂತಿಯ ಫೀಡಿಂಗ್ ಸಿರಿಂಜ್ ಎಂದು ಕೇಳಿ.

ಜನವರಿ ಮಧ್ಯದಲ್ಲಿ ತೂತಿನ ಸುತ್ತ ಒದ್ದೆ ಕಾಣಿಸಿತು. ಗಂಜಿಯ ಬಣ್ಣದ ನೀರು ಜಿನುಗುತ್ತಿತ್ತು. ಚರ್ಮ ಕೆಂಪಾಯಿತು. ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದವರು ನೋಡಿ, "ಬಿಲ್ಲೆ ಸಡಿಲ ಆಗಿದೆ, ಬಿಗಿ ಮಾಡಿದ್ರೆ ನಿಲ್ಲುತ್ತೆ" ಎಂದು ಬಿಲ್ಲೆಯನ್ನು ಕೆಳಗೆ ತಳ್ಳಿ ಚರ್ಮಕ್ಕೆ ಒತ್ತಿ ಕೂರಿಸಿದರು. ಅದರ ಅಡಿಗೆ ದಪ್ಪಗೆ ಗಾಜ್ ಬಟ್ಟೆಯನ್ನೂ ಇಟ್ಟರು. ನನಗೂ ಅದೇ ಸರಿ ಅನ್ನಿಸಿತು. ನಲ್ಲಿ ಸೋರಿದರೆ ಬಿಗಿ ಮಾಡುತ್ತೇವೆ ಅಲ್ವಾ? ಎರಡು ದಿನ ಸೋರುವುದು ಕಡಿಮೆಯೂ ಆಯಿತು. ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಮತ್ತೆ ಸೋರಿತು. ಇನ್ನೊಂದು ಗೆರೆ ಬಿಗಿಯಾಯಿತು. ಜನವರಿ ಕೊನೆಯ ಹೊತ್ತಿಗೆ ಊಟ ಕೊಡುವಾಗ ಅಪ್ಪಯ್ಯ ಮುಖ ಕಿವುಚುತ್ತಿದ್ದರು. ಮಾತು ಸರಿ ಬಾರದ್ದರಿಂದ ಎಲ್ಲಿ ನೋವು ಎಂದು ಹೇಳಲು ಆಗುತ್ತಿರಲಿಲ್ಲ. ಎಡಗೈಯಲ್ಲಿ ಸಿರಿಂಜನ್ನು ತಳ್ಳುತ್ತಿದ್ದರು. ಊಟ ಬೇಡ ಅನ್ನುತ್ತಿದ್ದಾರೆ, ಮನಸ್ಸಿಗೆ ಬೇಜಾರಾಗಿದೆ ಎಂದು ನಾವು ತಿಳಿದೆವು. ಅಮ್ಮ ಪಕ್ಕದಲ್ಲಿ ಕೂತು ತೋಟದ ವಿಷಯ ಹೇಳುತ್ತಾ, ಸಮಾಧಾನ ಮಾಡುತ್ತಾ ಕೊಡುತ್ತಿದ್ದರು. ನೋವನ್ನು ಹಟ ಎಂದು ತಿಳಿದೆವಲ್ಲ, ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಫೆಬ್ರವರಿ ಎರಡನೇ ವಾರ ಗಂಜಿ ಇಳಿಯುವುದು ತೀರ ನಿಧಾನವಾಯಿತು. ಮೊದಲು ಸಿರಿಂಜ್ ಎತ್ತಿ ಹಿಡಿದರೆ ತಾನಾಗಿ ಇಳಿಯುತ್ತಿತ್ತು, ಈಗ ತಳ್ಳಬೇಕಿತ್ತು. ತೂತಿನ ಸುತ್ತ ಕೀವು. ಸ್ನಾನ ಮಾಡಿಸುವಾಗ ಟ್ಯೂಬನ್ನು ಸ್ವಲ್ಪ ತಿರುಗಿಸಲು ನೋಡಿದೆ. ಅಲುಗಲಿಲ್ಲ. ಅಪ್ಪಯ್ಯ ಕೂಗಿದರು. ಆ ಕೂಗು ಕೇಳಿದ ಮೇಲೆ ಒಂದು ನಿಮಿಷವೂ ಕಾಯಲಿಲ್ಲ, ಕಾರು ತರಿಸಿದೆ.

ಈ ಸಲ ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಬಿಲ್ಲೆ ನೋಡಿದ ಕೂಡಲೇ, "ಇದನ್ನು ಯಾವಾಗ ಬಿಗಿ ಮಾಡಿದ್ರಿ?" ಎಂದು ಕೇಳಿದರು. ಟ್ಯೂಬನ್ನು ಮೆಲ್ಲಗೆ ಒಳಗೆ ತಳ್ಳಿ ನೋಡಿದರು. ಹೋಗಲಿಲ್ಲ. ಆಮೇಲೆ ಕೂರಿಸಿ ವಿವರಿಸಿದರು.

ಹೊರಗಿನ ಬಿಲ್ಲೆಯನ್ನು ಬಿಗಿ ಮಾಡಿದರೆ ಒಳಗಿನ ಟೊಪ್ಪಿ ಜಠರದ ಗೋಡೆಯನ್ನು ಒತ್ತುತ್ತದೆ. ಒತ್ತಿದ ಜಾಗಕ್ಕೆ ರಕ್ತ ಓಡುವುದಿಲ್ಲ. ಅಲ್ಲಿ ಹುಣ್ಣಾಗುತ್ತದೆ. ಟೊಪ್ಪಿ ನಿಧಾನವಾಗಿ ಗೋಡೆಯೊಳಗೇ ಹೂತುಕೊಳ್ಳುತ್ತದೆ, ಮೇಲೆ ಜಠರದ ಒಳಪದರ ಬೆಳೆದು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಬರೀಡ್ ಬಂಪರ್ ಅನ್ನುತ್ತಾರೆ. ಟ್ಯೂಬಿನ ಬಾಯಿ ಜಠರದಲ್ಲಿ ಪೂರ್ತಿ ತೆರೆದಿರುವುದಿಲ್ಲವಾದ್ದರಿಂದ ಗಂಜಿ ಪಕ್ಕದಿಂದ ಹೊರಗೆ ಬರುತ್ತದೆ. ಅಂದರೆ ಸೋರಿತು ಎಂದು ಬಿಗಿ ಮಾಡಿದೆವು, ಬಿಗಿ ಮಾಡಿದ್ದರಿಂದ ಇನ್ನೂ ಸೋರಿತು.

ನಾನು ಅಲ್ಲೇ ಅತ್ತುಬಿಟ್ಟೆ. "ನೋಡಿ ಅಮ್ಮಾ, ನಿಮ್ಮ ತಪ್ಪಲ್ಲ, ತುಂಬ ಜನ ಹೀಗೇ ಬರ್ತಾರೆ" ಎಂದು ಅವರು ಸಮಾಧಾನ ಹೇಳಿದರು.

ಎಂಡೋಸ್ಕೋಪಿಯಲ್ಲಿ ನೋಡಿದಾಗ ಟೊಪ್ಪಿ ಮುಕ್ಕಾಲು ಭಾಗ ಹೂತಿತ್ತು, ಒಂದು ಅಂಚು ಇನ್ನೂ ಕಾಣುತ್ತಿತ್ತು. ನಮ್ಮ ಪುಣ್ಯ. ಪೂರ್ತಿ ಹೂತಿದ್ದರೆ ಕೊಯ್ದು ತೆಗೆಯಬೇಕಾಗಬಹುದಿತ್ತಂತೆ. ಮೆಲ್ಲಗೆ ಬಿಡಿಸಿ, ಒಳಗೆ ತಳ್ಳಿ, ಹಳೆಯ ಟ್ಯೂಬನ್ನು ಬಾಯಿಂದ ಹೊರಗೆ ತೆಗೆದರು. ಮತ್ತೆ ಕ್ಲೋಪಿಡೋಗ್ರೆಲ್ ನಿಲ್ಲಿಸುವುದು, ಮತ್ತೆ ವಿಮೆ, ಎಲ್ಲ ಸೇರಿ ಅಲ್ಲೇ ಹತ್ತು ದಿನ ಆಯಿತು. ಆ ದಿನಗಳಲ್ಲಿ ಮತ್ತೆ ಮೂಗಿನ ಪೈಪು. ಕೈ ಮಾತ್ರ ಕಟ್ಟಲಿಲ್ಲ. ಅಣ್ಣ, ಅತ್ತಿಗೆ, ನಾನು ಸರದಿಯಲ್ಲಿ ರಾತ್ರಿಯಿಡೀ ಅವರ ಕೈ ಹಿಡಿದು ಕೂತೆವು.

ಹೊಸದಾಗಿ ಹಾಕಿದ್ದು ಬಲೂನ್ ಟ್ಯೂಬ್. ಒಳಗೆ ಟೊಪ್ಪಿಯ ಬದಲು ನೀರು ತುಂಬಿದ ಸಣ್ಣ ಬಲೂನ್. ಹೊರಗೆ ಅದೇ ಥರದ ಬಿಲ್ಲೆ. ಇದನ್ನು ಬದಲಿಸುವುದು ಸುಲಭ, ನೀರು ತೆಗೆದರೆ ಹೊರಬರುತ್ತದೆ, ಎಂಡೋಸ್ಕೋಪಿ ಬೇಕಾಗುವುದಿಲ್ಲ. ಆದರೆ ಟೊಪ್ಪಿ ಟ್ಯೂಬಿನಷ್ಟು ದಿನ ಬಾಳುವುದಿಲ್ಲ, ಮೂರರಿಂದ ಆರು ತಿಂಗಳಿಗೆ ಬದಲಿಸಬೇಕು. ವಾರಕ್ಕೊಮ್ಮೆ ಬಲೂನಿನ ನೀರು ತೆಗೆದು ಅಳೆದು ಮತ್ತೆ ತುಂಬಬೇಕು. ತುಂಬುವಾಗ ಟ್ಯೂಬನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ನಮ್ಮದಕ್ಕೆ 10 ಎಂ.ಎಲ್. ನಿಮ್ಮದಕ್ಕೆ ಎಷ್ಟು ಎಂದು ಡಾಕ್ಟರನ್ನೇ ಕೇಳಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಸಲೈನ್ ಹಾಕಿದರೆ ಉಪ್ಪು ಹರಳುಗಟ್ಟಿ ಕವಾಟ ಕೆಡಬಹುದು, ಗಾಳಿ ತುಂಬಿದರೆ ಸೋರಿ ಹೋಗುತ್ತದೆ.

ಇಲ್ಲಿ ಫೋಲಿ ಕ್ಯಾತಿಟರ್ ವಿಷಯ ಹೇಳಲೇಬೇಕು. ನಮ್ಮ ಊರಿನ ಕಡೆ ಯಾರೋ, "ಅಷ್ಟು ದುಡ್ಡು ಯಾಕೆ, ಮೂತ್ರಕ್ಕೆ ಹಾಕೋ ಪೈಪಿಗೂ ಬಲೂನ್ ಇರುತ್ತೆ, ಅದನ್ನೇ ಹಾಕ್ಸಿ" ಎಂದಿದ್ದರು. ಡಾಕ್ಟರನ್ನು ಕೇಳಿದೆ. ಫೋಲಿಗೆ ಹೊರಗಿನ ಬಿಲ್ಲೆ ಇಲ್ಲ ಎಂದರು. ಜಠರ ಊಟವನ್ನು ಕರುಳಿನ ಕಡೆಗೆ ತಳ್ಳುತ್ತಲೇ ಇರುತ್ತದೆ. ಹಿಡಿದು ನಿಲ್ಲಿಸುವ ಬಿಲ್ಲೆ ಇಲ್ಲದಿದ್ದರೆ ಬಲೂನನ್ನೂ ಹಾಗೇ ಎಳೆದುಕೊಂಡು ಹೋಗುತ್ತದೆ. ಬಲೂನ್ ಹೋಗಿ ಜಠರದ ಬಾಗಿಲಿಗೆ ಸಿಕ್ಕಿಕೊಂಡರೆ ವಾಂತಿ ಶುರು. ಹಾಗಾಗಿ ಫೋಲಿ ತುರ್ತಿಗೆ ಮಾತ್ರ. ಆ ತುರ್ತು ಯಾವುದು ಅಂದರೆ, ಟ್ಯೂಬ್ ಪೂರ್ತಿ ಕಿತ್ತು ಹೊರಗೆ ಬಂದಾಗ. ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಹಳೆಯ ತೂತಾದರೆ ಹತ್ತಿರದ ಆಸ್ಪತ್ರೆಯಲ್ಲಿ ಫೋಲಿ ತೂರಿಸಿ ದಾರಿ ತೆರೆದಿಟ್ಟುಕೊಂಡು, ಸರಿಯಾದ ಜಾಗದಲ್ಲಿದೆ ಎಂದು ಖಚಿತವಾಗುವವರೆಗೆ ಅದರಲ್ಲಿ ಏನೂ ಕೊಡದೆ, ಟ್ಯೂಬ್ ಹಾಕಿದವರ ಬಳಿ ಹೋಗಬೇಕು. ಹಾಕಿ ಇನ್ನೂ ನಾಲ್ಕು ವಾರ ಆಗಿಲ್ಲದಿದ್ದರೆ ಯಾರೂ ಅಲ್ಲೇ ತೂರಿಸಲು ಹೋಗಬಾರದು. ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಟ್ಯೂಬ್ ಜಠರ ಬಿಟ್ಟು ಹೊಟ್ಟೆಯೊಳಗೆ ಎಲ್ಲೋ ಹೋಗಿಬಿಡಬಹುದು. ನೇರ ದೊಡ್ಡಾಸ್ಪತ್ರೆಗೇ ಹೋಗಬೇಕು.

ಬಿಲ್ಲೆಯ ಬಗ್ಗೆ ಈ ಡಾಕ್ಟರು ಹೇಳಿಕೊಟ್ಟದ್ದನ್ನು ಹಾಗೇ ಬರೆಯುತ್ತೇನೆ. ಚರ್ಮಕ್ಕೂ ಬಿಲ್ಲೆಗೂ ನಡುವೆ ಅರ್ಧದಿಂದ ಒಂದು ಸೆಂಟಿಮೀಟರ್ ಜಾಗ ಬೇಕು. ಮಲಗಿದಾಗ ಒಂದು ಸಲ, ಕೂರಿಸಿದಾಗ ಒಂದು ಸಲ ನೋಡಬೇಕು. ಕೂತರೆ ಹೊಟ್ಟೆ ಮಡಿಕೆಯಾಗಿ ಬಿಲ್ಲೆ ಒತ್ತುತ್ತದೆ. ಮೈ ತೂಕ ಹೆಚ್ಚಿದರೂ ಬಿಲ್ಲೆ ತಾನಾಗಿ ಬಿಗಿಯಾಗುತ್ತದೆ. ಹಾಕಿದ ಗಾಯ ಮಾಗಿದ ಮೇಲೆ ದಿನಕ್ಕೊಮ್ಮೆ ಟ್ಯೂಬನ್ನು ಒಂದು ಸುತ್ತು ತಿರುಗಿಸಬೇಕು. ಟೊಪ್ಪಿ ಟ್ಯೂಬಾದರೆ ವಾರಕ್ಕೊಮ್ಮೆಯಾದರೂ ಬಿಲ್ಲೆ ಸಡಿಲಿಸಿ ಎರಡು ಮೂರು ಸೆಂಟಿಮೀಟರ್ ಒಳಗೆ ತಳ್ಳಿ, ಮತ್ತೆ ಹಳೆಯ ಜಾಗಕ್ಕೆ ತಂದು, ಬಿಲ್ಲೆಯನ್ನು ಹಳೆಯ ಅಂಕಿಗೇ ಕೂರಿಸಬೇಕು. ಯಾವ ದಿನದಿಂದ ಶುರು ಮಾಡಬೇಕು ಎಂದು ನಿಮ್ಮ ಡಾಕ್ಟರನ್ನು ಕೇಳಿ. ತಿರುಗದಿದ್ದರೆ, ಒಳಗೆ ಹೋಗದಿದ್ದರೆ ಬಲವಂತ ಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿಲ್ಲೆಯ ಅಡಿಗೆ ದಪ್ಪ ಗಾಜ್ ತುರುಕಬಾರದು, ಅದೂ ಒಳಗಿನ ಟೊಪ್ಪಿಯನ್ನು ಎಳೆದ ಹಾಗೆಯೇ. ಬೇಕಾದರೆ ಬಿಲ್ಲೆಯ ಮೇಲಿಂದ ಮುಚ್ಚಬಹುದು. ಒಣಗಿದ ತೂತಿಗೆ ಡ್ರೆಸ್ಸಿಂಗೇ ಬೇಡ, ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿದರೆ ಸಾಕು. ಸೋರಿದರೆ ಬಿಗಿ ಮಾಡುವ ಮುಂಚೆ ಕಾರಣ ಹುಡುಕಬೇಕು. ಬಲೂನಿನ ನೀರು ಕಡಿಮೆಯಾಗಿದೆಯೇ, ಮಲಬದ್ಧತೆ ಇದೆಯೇ, ಊಟ ಬೇಗ ಬೇಗ ಕೊಡುತ್ತಿದ್ದೇವೆಯೇ, ಸೋಂಕಾಗಿದೆಯೇ ಎಂದು. ನಮ್ಮ ಮೊದಲ ಸೋರಿಕೆಗೆ ಕಾರಣ ಬಹುಶಃ 250 ಎಂ.ಎಲ್. ಅನ್ನು ಐದೇ ನಿಮಿಷದಲ್ಲಿ ಕೊಟ್ಟು ಮುಗಿಸುತ್ತಿದ್ದದ್ದು. ಈಗ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತೇವೆ.

ಹೊರಗೆ ನೇತಾಡುವ ಉದ್ದನೆಯ ಭಾಗವನ್ನೂ ಹಿಡಿದಿಡಬೇಕು. ಅದು ಒಂದೇ ಕಡೆ ಎಳೆಯುತ್ತಿದ್ದರೆ ತೂತು ದೊಡ್ಡದಾಗುತ್ತದೆ. ಮೊದಲು ಬರೀ ಮೈಕ್ರೋಪೋರ್ ಟೇಪ್ ಹಾಕುತ್ತಿದ್ದೆವು, ದಿನಾ ಕಿತ್ತು ಕಿತ್ತು ಚರ್ಮ ಸುಲಿಯಿತು. ಆಮೇಲೆ ಟ್ಯೂಬ್ ಸಿಕ್ಕಿಸುವ ಕ್ಲಿಪ್ ಇರುವ ಅಂಟುಪಟ್ಟಿ ತರಿಸಿದೆವು. ಒಂದಕ್ಕೆ 350 ರೂಪಾಯಿ ಬಿತ್ತು, ನಾಲ್ಕೈದು ದಿನ ಬರುತ್ತದೆ. ದಿನಾ ಜಾಗ ಬದಲಿಸಿ ಅಂಟಿಸಲು ಆಗದ್ದರಿಂದ ಟ್ಯೂಬಿನ ದಿಕ್ಕನ್ನು ಬೆಳಿಗ್ಗೆ ಎಡಕ್ಕೆ, ರಾತ್ರಿ ಮೇಲಕ್ಕೆ ಮಾಡುತ್ತೇವೆ. ಅಪ್ಪಯ್ಯನ ಕೈ ಹೋಗದಂತೆ ಮೇಲೆ ಹೊಟ್ಟೆಯ ಬೆಲ್ಟ್, ಸಡಿಲವಾಗಿ. ಬೆಲ್ಟ್ ಬಿಗಿಯಾದರೆ ಬಿಲ್ಲೆಯನ್ನೇ ಒತ್ತುತ್ತದೆ. ಅಮ್ಮ ಈಗ ಬೆಲ್ಟ್ ಬದಲು ಮೃದು ಹತ್ತಿ ಪಂಚೆಯಲ್ಲಿ ಒಂದು ಪಟ್ಟಿ ಹೊಲಿದಿದ್ದಾರೆ. ಸೆಕೆಗೆ ಅದೇ ಹಿತ.

ಖರ್ಚಿನ ವಿಷಯ. ಮೊದಲ ಸಲ ಒಟ್ಟು 38,000 ರೂಪಾಯಿ, ಅದರಲ್ಲಿ ಕಿಟ್ 7,500. ವಿಮೆ ಕೊಡದೇ ಉಳಿದದ್ದು 6,200. ಎರಡನೇ ಸಲ ಹತ್ತು ದಿನದ ವಾಸಕ್ಕೆ 71,000, ಕೈಯಿಂದ ಹೋದದ್ದು 14,000. ಬಲೂನ್ ಟ್ಯೂಬಿಗೆ 3,200. ಗ್ಲೌಸ್, ಸಿರಿಂಜ್ ಇಂಥವು ವಿಮೆಯಲ್ಲಿ ಸಿಗಲಿಲ್ಲ. ನಿಮ್ಮೂರಿನಲ್ಲಿ ಬೇರೆ ಇರಬಹುದು, ಇದು ನಮ್ಮ ಬಿಲ್ಲುಗಳಲ್ಲಿ ಇರುವುದು. ವಿಮೆ ಇಲ್ಲದವರು ಬಿಪಿಎಲ್ ಕಾರ್ಡ್, ಆಧಾರ್ ತೆಗೆದುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಯ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ಕೇಳಿ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಬೇಕಾಗುತ್ತದೆ, ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿಬಿಟ್ಟರೆ ಆಮೇಲೆ ಕಷ್ಟ. ಕಿಟ್ ಅದರಲ್ಲಿ ಸೇರುತ್ತದೆಯೇ ಎಂದು ಅಡ್ಮಿಟ್ ಆಗುವ ಮುಂಚೆಯೇ ಕೇಳಿಕೊಳ್ಳಿ.

ತೂತಿನ ಅಂಚಿನಲ್ಲಿ ಕೆಂಪಗೆ ಮಾಂಸ ಬೆಳೆದರೆ ಹೆದರಬೇಡಿ. ನಮಗೂ ಬಂದಿತ್ತು. ಸಿಲ್ವರ್ ನೈಟ್ರೇಟ್ ಹಚ್ಚಿದರು, ಎರಡು ಸಲಕ್ಕೆ ಕುಗ್ಗಿತು.

ಮನೆಯಲ್ಲಿ ಈಗ ಅಪ್ಪಯ್ಯನ ಹಳೆಯ ಅಡಕೆ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತೇವೆ. ಬಿಲ್ಲೆಯ ಅಂಕಿ, ತಿರುಗಿತೋ ಇಲ್ಲವೋ, ಒದ್ದೆಯೋ ಒಣಗಿದೆಯೋ. ಬರೆಯುವುದು ಅಮ್ಮನ ಕೆಲಸ. ಡ್ರೆಸ್ಸಿಂಗಿಗೆ ಬಂದವರಿಗೆ ಮೊದಲು ಆ ಹಾಳೆ ತೋರಿಸಿ, "ಈ ಗೆರೆ ಬಿಟ್ಟು ಅಲ್ಲಾಡಿಸಬೇಡಿ ಮಾರಾಯ್ರೇ" ಎನ್ನುತ್ತಾರೆ. ಮಂಚದ ತಲೆಯ ಹತ್ತಿರ ಗೋಡೆಗೂ ಒಂದು ಚೀಟಿ ಅಂಟಿಸಿದ್ದೇವೆ: ಟ್ಯೂಬ್ 20 ಫ್ರೆಂಚ್, ಚರ್ಮದ ಹತ್ತಿರ 3, ಬಿಲ್ಲೆ 3.5, ಬಲೂನ್ 10 ಎಂ.ಎಲ್., ಹಾಕಿದ ತಾರೀಕು.

ಮೊನ್ನೆ ಸ್ಪೀಚ್ ಥೆರಪಿಸ್ಟ್ ಬಂದಿದ್ದರು. ಅಪ್ಪಯ್ಯನನ್ನು ನೇರ ಕೂರಿಸಿ, ಗದ್ದ ಎದೆಗೆ ತಾಗುವಂತೆ ಬಗ್ಗಿಸಿ, ಗಟ್ಟಿ ಮೊಸರು ಅರ್ಧ ಚಮಚ ಕೊಟ್ಟರು. ನುಂಗಿದರು. ಕೆಮ್ಮಲಿಲ್ಲ. ಇನ್ನರ್ಧ ಚಮಚಕ್ಕೆ ತಾವೇ ಬಾಯಿ ತೆರೆದರು. ದಿನಕ್ಕೆ ಮೂರು ಚಮಚ, ಅದೂ ಯಾರಾದರೂ ಎದುರಿಗೆ ಕೂತಿರುವಾಗ ಮಾತ್ರ, ಉಳಿದದ್ದೆಲ್ಲ ಟ್ಯೂಬಿನಲ್ಲೇ ಎಂದು ಹೇಳಿ ಹೋಗಿದ್ದಾರೆ. ಟ್ಯೂಬ್ ಬದಲಿಸಲು ಮುಂದಿನ ತಾರೀಕು ಜೂನ್ ಮೊದಲ ವಾರ. ಮಳೆ ಶುರುವಾದರೆ ನಮ್ಮ ಘಾಟಿಯ ರಸ್ತೆ ನಂಬುವಂತಿಲ್ಲ, ಅದಕ್ಕೆ ಮೇ ಕೊನೆಗೇ ಕೊಡಿ ಎಂದು ಕೇಳಿದ್ದೇನೆ.